ಸೇವಂತಿಗೆಗೆ ಕಾಣದ ದೀಪ

ಸೊಸೆಯೊಬ್ಬಳು ಅತ್ತೆಯನ್ನು ಹೊಗಳಲು ಶುರು ಮಾಡಿದರೆ ಕೇಳುವವರ ಹುಬ್ಬು ಮೇಲೇರುತ್ತದೆ. ಇವಳಿಗೇನೋ ಬೇಕಾಗಿದೆ, ಇಲ್ಲವೇ ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದಾರೆ ಎಂದುಕೊಳ್ಳುತ್ತಾರೆ. ನನಗೆ ಏನೂ ಬೇಕಾಗಿಲ್ಲ. ಅತ್ತೆ ಪಕ್ಕದ ಕೋಣೆಯಲ್ಲೂ ಇಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತು ಒಣಗಿದ ಎಲೆ ಕೀಳುತ್ತಿದ್ದಾರೆ. ಹೊಗಳುವಂಥದ್ದು ಇದೆ, ಹೊಗಳುತ್ತೇನೆ. ನಂಬದವರು ನಮ್ಮ ಬೀದಿಗೆ ಬಂದು ನೋಡಬಹುದು.

ನಮ್ಮದು ಏರು ಬೀದಿ. ಗೇಟು ಕೆಳಗೆ, ಬಾಗಿಲು ಮೇಲೆ, ನಡುವೆ ಮೆಟ್ಟಿಲೇ ಮೆಟ್ಟಿಲು. ಮೆಟ್ಟಿಲ ಎರಡೂ ಕಡೆ ಮೊಣಕಾಲೆತ್ತರದ ಕಟ್ಟೆ. ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಕಿರಿದಾದ ಒಂದು ಓಣಿ. ತೋಟ ಎಂದು ಕರೆದುಕೊಳ್ಳಲು ನಮಗಿರುವ ಜಾಗ ಇಷ್ಟೇ. ಈ ಜಾಗದಲ್ಲಿ ಅತ್ತೆ ಇಟ್ಟಿರುವ ಕುಂಡಗಳನ್ನು ನೋಡಿ ಬೀದಿಯವರು ಅವರಿಗೆ ಕುಂಡದಮ್ಮ ಎಂದೇ ಹೆಸರಿಟ್ಟಿದ್ದಾರೆ. ಕುಂಡ ಎಂದರೆ ಅಂಗಡಿಯಿಂದ ತಂದದ್ದೆಂದು ತಿಳಿಯಬೇಡಿ. ಸೀಳುಬಿಟ್ಟ ಬಕೆಟ್ಟು, ಬಣ್ಣದ ಡಬ್ಬ, ತಳ ತೂತಾದ ಪಾತ್ರೆ, ಯಾರೋ ಎಸೆದ ಕೈತೊಳೆಯುವ ಬೇಸಿನ್ನು. ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ಅಗಲದ ಪಾತ್ರೆಯಲ್ಲೂ ಈಗ ಡೇಲಿಯ ಇದೆ. ಅದಕ್ಕಾಗಿ ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಡೇಲಿಯ ಹೂ ಬಿಟ್ಟ ದಿನ ಊತ ಇಳಿಯಿತು.

ಅತ್ತೆ ನಿವೃತ್ತಿಯಾಗುವ ತನಕ ದುಡಿದದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆಯ ಕೆಲಸ. ಕಿಟಕಿ ಇಲ್ಲ, ಗೋಡೆಯಿಂದ ಗೋಡೆಗೆ ಹಬೆ, ತಲೆಯ ಮೇಲೆ ಎಂದೂ ಆರಿಸದ ಟ್ಯೂಬ್‌ಲೈಟುಗಳ ಸಾಲು. ಒದ್ದೆ ಹಾಸುಬಟ್ಟೆಯನ್ನು ಇಬ್ಬರು ಮೂಲೆ ಹಿಡಿದು ಕೊಡವಿ, ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಆ ಕಡೆ ಬಂದದ್ದನ್ನು ಆರುವ ಮೊದಲೇ ಮಡಚಬೇಕು. ಹಗಲ ಪಾಳಿ ಮುಗಿದರೆ ರಾತ್ರಿ ಪಾಳಿ. ಅಲ್ಲಿ ಕೂತವರಿಗೆ ಹೊರಗೆ ಸೂರ್ಯ ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲವಂತೆ. ಮನೆಗೆ ಬಂದವರೇ ಚೀಲ ಇಳಿಸದೆ ಮೊದಲು ಮೆಟ್ಟಿಲ ಗಿಡಗಳನ್ನು ನೋಡುತ್ತಿದ್ದರಂತೆ, ಇವತ್ತಿನ ದಿನ ಹೇಗಿತ್ತು ಎಂದು ತಿಳಿದುಕೊಳ್ಳಲು.

ಶರತ್ಕಾಲ ಎಂದು ಪುಸ್ತಕದಲ್ಲಿ ಬರೆಯುತ್ತಾರಲ್ಲ, ಅದಕ್ಕೆ ಅತ್ತೆ ಇಟ್ಟ ಹೆಸರು ಬಿಸಿಲು ಓರೆಯಾಗುವ ಕಾಲ. ನಮ್ಮಲ್ಲಿ ಮೈ ಕೊರೆಯುವ ಚಳಿ ಇಲ್ಲ, ಎಲ್ಲ ಎಲೆಯೂ ಒಟ್ಟಿಗೆ ಉದುರುವುದಿಲ್ಲ. ಬದಲಾವಣೆಯನ್ನು ಹುಡುಕಿ ನೋಡಬೇಕು. ಮಳೆ ಹಿಂದೆಗೆಯುತ್ತದೆ. ಬೆಳಗಿನ ಬಿಸಿಲು ನೆತ್ತಿ ಬಿಟ್ಟು ಕೆನ್ನೆಗೆ ಹೊಡೆಯುತ್ತದೆ. ಬೀದಿಯ ತುದಿಯ ಬಾದಾಮಿ ಮರ ಅಲ್ಲೊಂದು ಇಲ್ಲೊಂದು ಎಲೆಯನ್ನು ಕೆಂಪು ಮಾಡಿಕೊಳ್ಳುತ್ತದೆ. ಕರ್ಣಕುಂಡಲದ ಕಾಯಿ ಬೆರಳು ಸೋಕಿದರೆ ಸಾಕು, ಚಟಕ್ಕೆಂದು ಸಿಡಿದು ಬೀಜವನ್ನೆಲ್ಲ ಚೆಲ್ಲುತ್ತದೆ. ಅತ್ತೆಗೆ ಆಗ ಮೈಯೆಲ್ಲ ಕಾಲು. ಗುಲಾಬಿಯನ್ನು ಮೊಳದುದ್ದಕ್ಕೆ ಸವರುತ್ತಾರೆ. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಪ್ರತಿ ವರ್ಷವೂ ಗೋಡೆಯಾಚೆಯಿಂದ, "ಏನಮ್ಮಾ, ಕೊಂದೇಬಿಟ್ರಾ?" ಅಂತ ಕೇಳುತ್ತಾರೆ, ಆಮೇಲೆ ಹೂ ಬಿಟ್ಟಾಗ ಅದೇ ಗೋಡೆಯಾಚೆಯಿಂದ ಕೈ ಚಾಚುತ್ತಾರೆ. ಮಳೆಗಾಲದಲ್ಲಿ ಕುಣಿದ ಗೆಡ್ಡೆಗಿಡಗಳು ಸೊರಗಿ ಮಣ್ಣಿನೊಳಗೆ ಸೇರುತ್ತವೆ. ಅವುಗಳ ಡಬ್ಬಗಳನ್ನು ಅತ್ತೆ ಓಣಿಯಲ್ಲಿ ಅಡ್ಡ ಮಲಗಿಸುತ್ತಾರೆ. ಖಾಲಿ ಡಬ್ಬ ಎಂದುಕೊಂಡು ನಾನೊಮ್ಮೆ ಎತ್ತಲು ಹೋದಾಗ, "ಮಲಗಿದಾವೆ ಕಣೇ, ಬಿಡು," ಅಂದಿದ್ದರು.

ಆದರೆ ಆ ಕಾಲದ ಪಟ್ಟದರಾಣಿ ಸೇವಂತಿಗೆ. ಹೊರಗೆ ಸುಟ್ಟ ಇಟ್ಟಿಗೆಯ ಬಣ್ಣ, ಒಳಗೆ ಹಳದಿ. ಈ ಬಣ್ಣ ನಾನು ಬೇರೆಲ್ಲೂ ನೋಡಿಲ್ಲ. ಅತ್ತೆಯ ಅಮ್ಮನ ಅಂಗಳದ ಗಿಡ ಅದು. ಅತ್ತೆ ಮದುವೆಯಾಗಿ ಹೊರಟಾಗ ಅವರ ಅಕ್ಕ, ಅಂದರೆ ನನ್ನ ಗಂಡನ ದೊಡ್ಡಮ್ಮ, ಅದರ ಬುಡದ ಒಂದು ಮರಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕೊಟ್ಟು ಸುಮ್ಮನಿರಬೇಕಲ್ಲ. "ಒಣಗಿಸಿಬಿಟ್ರೆ ಹೇಳ್ಕಳಿಸು, ಇನ್ನೊಂದು ಕೊಡ್ತೀನಿ," ಅಂದರು. ಅತ್ತೆ ಎಂದೂ ಹೇಳಿ ಕಳಿಸಲಿಲ್ಲ. ಒಂದು ಮರಿ ಹತ್ತಾಯಿತು, ಮೆಟ್ಟಿಲು ತುಂಬಿತು. ದೊಡ್ಡಮ್ಮ ಬರುತ್ತಿದ್ದದ್ದು ಯಾವಾಗಲೂ ಬೇಸಿಗೆಯಲ್ಲಿ. ಆಗ ಸೇವಂತಿಗೆ ಎಂದರೆ ಬರೀ ಬೂದು ಎಲೆಯ ಪೊದೆ. ಅವರು ಅದನ್ನೊಮ್ಮೆ ನೋಡಿ, ತಂಗಿಯನ್ನೊಮ್ಮೆ ನೋಡಿ, ಮೂಗು ಮುರಿದು ಒಳಗೆ ಹೋಗುತ್ತಿದ್ದರು.

ಹಾಗೆ ಬಂದಾಗ ಒಂದು ಸಲ ನನ್ನ ಗಂಡನ ಬಗ್ಗೆಯೂ ಒಂದು ಮಾತು ಆಡಿದ್ದರು. ಇವರು ಆಗ ಕೆಲಸದಿಂದ ಕೆಲಸಕ್ಕೆ ಹಾರುತ್ತಿದ್ದ ಕಾಲ. ಚಪ್ಪಲಿ ಅಂಗಡಿ, ಕೊರಿಯರ್ರು, ಪ್ರೆಸ್ಸು, ಮತ್ತೆ ಚಪ್ಪಲಿ ಅಂಗಡಿ. "ನಿನ್ನ ಮಗ ಎಲ್ಲೂ ಬೇರು ಬಿಡೋನಲ್ಲ ಬಿಡೇ," ಅಂದರು ದೊಡ್ಡಮ್ಮ, ತಟ್ಟೆಯ ಮುಂದೆ ಕೂತು, ಇವರ ಎದುರಿಗೇ. ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಇವರು ಅರ್ಧ ಊಟಕ್ಕೆ ಎದ್ದು ಹೋದರು. ಆ ಮಾತು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಕರಗಿಲ್ಲ.

ಇವರು ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ, ಮೀಸೆ ಚಿಗುರದ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ವೈರಿಂಗ್ ಕೆಲಸ ಕಲಿತರು. ಪರೀಕ್ಷೆ ಬರೆದು ಲೈಸೆನ್ಸು ತಂದರು. ತಂದ ದಿನ ಅತ್ತೆ ಅದನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದರು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಣ್ಣು ಒದ್ದೆಯಾದವರು ಹಾಗೆ ಮಾಡುತ್ತಾರೆಂದು ನನಗೆ ಗೊತ್ತು.

ಈ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಎರಡು ಸಂಗತಿ ನಡೆದವು. ದೊಡ್ಡಮ್ಮ ಫೋನ್ ಮಾಡಿದರು. ಅವರು ಮಗಳ ಜೊತೆ ಬಿಸಿಲೇ ಬೀಳದ ಮೇಲಿನ ಮಹಡಿಯ ಮನೆಗೆ ಹೋದ ಮೇಲೆ ಅಮ್ಮನ ಸೇವಂತಿಗೆ ಸತ್ತುಹೋಗಿತ್ತು. ಹಳೇ ಅಂಗಳವೂ ಈಗ ಇರಲಿಲ್ಲ. "ನಿನ್ನ ಹತ್ರ ಉಳಿದಿದ್ಯೇನೇ? ಚಳಿ ಶುರುವಾದಾಗ ಬರ್ತೀನಿ. ಹೂ ನೋಡ್ಬೇಕು," ಅಂದರು. ಫೋನ್ ಇಟ್ಟ ಅತ್ತೆಯ ಮುಖ ನೋಡಬೇಕಿತ್ತು. ಅಮ್ಮನ ಗಿಡ ಲೋಕದಲ್ಲಿ ಉಳಿದಿರುವುದು ಅವರ ಮೆಟ್ಟಿಲ ಮೇಲೆ ಮಾತ್ರ. ಮೊದಲ ಸಲ ಅಕ್ಕ ಅಲ್ಲಿ ಅದರ ಹೂ ನೋಡಲಿದ್ದಾರೆ. "ಮೆಟ್ಟಿಲು ಕಾಣಬಾರದು, ಬರೀ ಹೂ ಕಾಣಬೇಕು," ಅಂದರು ನನಗೆ.

ಎರಡನೆಯದು, ಅದೇ ವಾರ ಸಂಜೆಗತ್ತಲಲ್ಲಿ ಕುಂಡ ಹೊತ್ತು ಇಳಿಯುವಾಗ ಅತ್ತೆ ಪಾಚಿಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಇವರು ಮಾರನೆಯ ದಿನವೇ ಬಾಗಿಲ ಮೇಲೆ ಒಂದು ದೀಪ ಹಾಕಿದರು. ಎಂಥ ದೀಪ ಅಂತೀರಿ. ಕತ್ತಲಾದರೆ ತಾನೇ ಹತ್ತುತ್ತದೆ, ಬೆಳಕಾದರೆ ತಾನೇ ಆರುತ್ತದೆ. ಗೇಟಿನ ತನಕ ಹಗಲು. ಬಿದ್ದ ಸೂಜಿ ಹೆಕ್ಕಬಹುದು. ಲೈಸೆನ್ಸು ಬಂದ ಮೇಲೆ ಇವರು ಸ್ವಂತ ಮನೆಗೆ ಮಾಡಿದ ಮೊದಲ ಕೆಲಸ ಅದು. ಮೇಷ್ಟ್ರು ಬಂದು ನೋಡಿ ತಮ್ಮ ಮನೆಗೂ ಅಂಥದ್ದೇ ಬೇಕೆಂದರು. ಕೆಳಗಿನ ಮನೆಯವರೂ ಕೇಳಿದರು. ಇವರ ನಡಿಗೆಯೇ ಬದಲಾಯಿತು. ಸಂಜೆ ಬಂದವರು ಗೇಟಿನಲ್ಲಿ ನಿಂತು, ತಲೆ ಎತ್ತಿ ಆ ದೀಪವನ್ನೊಮ್ಮೆ ನೋಡಿಯೇ ಮೇಲೆ ಹತ್ತುತ್ತಿದ್ದರು.

ಸೇವಂತಿಗೆಗಳು ಈ ವರ್ಷ ಬೆಳೆದವು ನೋಡಿ, ಕಣ್ಣು ಬೀಳುವ ಹಾಗೆ. ಎಲೆ ದಪ್ಪ, ಕಾಂಡ ದಪ್ಪ, ಎತ್ತರ ಸೊಂಟಕ್ಕೆ. ಮೊಗ್ಗು ಮಾತ್ರ ಇಲ್ಲ. ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ರತಿ ತುದಿಯನ್ನೂ ಬಿಡಿಸಿ ನೋಡಿದರು. ಗೊಬ್ಬರ ಹೆಚ್ಚಾಯಿತೆಂದು ನಿಲ್ಲಿಸಿದರು. ನೀರು ಕಡಿಮೆ ಮಾಡಿದರು. ಕುಡಿ ಚಿವುಟಿದ್ದು ತಡವಾಯಿತೇನೋ ಎಂದು ತಮ್ಮನ್ನೇ ಬೈದುಕೊಂಡರು. ಮೇಷ್ಟ್ರ ಗೋಡೆಯಾಚೆ ಅವರ ಬಿಳಿ ಸೇವಂತಿಗೆ ಆಗಲೇ ಮೊಗ್ಗು ಕಚ್ಚಿತ್ತು. ಮೇಷ್ಟ್ರು ತಾವು ಕೇಳಿದ ದೀಪವನ್ನು ಇನ್ನೂ ಹಾಕಿಸಿಕೊಂಡಿರಲಿಲ್ಲ ಎನ್ನುವುದು ನಮಗಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಅತ್ತೆ ನಡು ಮೆಟ್ಟಿಲಲ್ಲಿ ಕೂತಿದ್ದರು. ತೊಡೆಯ ಮೇಲೆ ಒಂದು ಬಣ್ಣದ ಡಬ್ಬ. ಅದರಲ್ಲಿ ಬಡಕಲು ಸೇವಂತಿಗೆ, ಜಾಗ ಸಾಲದೆ ಓಣಿಯ ತೊಟ್ಟಿಯ ಹಿಂದೆ ಇಟ್ಟು ಮರೆತದ್ದು. ಅದರ ತುದಿತುದಿಯಲ್ಲೂ ಮೆಣಸಿನ ಕಾಳಿನಷ್ಟು ಮೊಗ್ಗು. ದೀಪ ಹತ್ತಿತು. ಅತ್ತೆ ಮೇಲೆ ನೋಡಿದರು, ಸುತ್ತ ನಿಂತ ಎತ್ತರದ ಗಿಡಗಳನ್ನು ನೋಡಿದರು.

"ಇವಕ್ಕೆ ನಿದ್ದೆ ಇಲ್ಲ ಕಣೇ," ಅಂದರು.

"ಯಾವಕ್ಕೆ?"

"ಇವಕ್ಕೆ. ರಾತ್ರಿ ಆಗಿದೆ ಅಂತಾನೇ ಗೊತ್ತಾಗ್ತಿಲ್ಲ. ನಾನು ಆ ಟ್ಯೂಬ್‌ಲೈಟ್ ಕೆಳಗೆ ರಾತ್ರಿ ಪಾಳಿ ಮಾಡಿದವಳು. ನಿದ್ದೆಗೆಟ್ಟವರ ಮುಖ ನಂಗೆ ಗೊತ್ತಾಗದೇ ಇರುತ್ತಾ?"

"ಮತ್ತೆ ದೀಪ ತೆಗೆಸಿ. ಇವರಿಗೆ ಹೇಳ್ಲಾ?"

ಅತ್ತೆ ನನ್ನ ಕೈ ಹಿಡಿದುಕೊಂಡರು. "ಹೇಳಿದ್ರೆ ಈಗಲೇ ಏಣಿ ಹಾಕಿ ಕಿತ್ತುಬಿಡ್ತಾನೆ. ಅವನು ಗೇಟಲ್ಲಿ ನಿಂತು ಅದನ್ನ ಹೇಗೆ ನೋಡ್ತಾನೆ, ನೀನು ಕಂಡಿಲ್ವಾ? ಹೂವಿಗೋಸ್ಕರ ಅವನ ಮುಖ ಚಿಕ್ಕದು ಮಾಡಕ್ಕೆ ನಂಗಾಗಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಕಳ್ಳಾಟ ಶುರುವಾಯಿತು. ಹೊತ್ತು ಮುಳುಗುವ ಮೊದಲು ಅತ್ತೆ ಆ ಉಳುಕಿದ ಕೈಯಲ್ಲೇ ಕುಂಡಗಳನ್ನೆಲ್ಲ ಒಂದೊಂದಾಗಿ ಹಿಂದಿನ ಓಣಿಗೆ ಸಾಗಿಸುವುದು, ಬೆಳಗ್ಗೆ ಇವರು ಏಳುವ ಮೊದಲು ಮತ್ತೆ ಮೆಟ್ಟಿಲಿಗೆ. ಅಂಗಡಿಯಿಂದ ಬೇಗ ಬಂದ ದಿನ ನಾನೂ ಹೊತ್ತೆ. ನನ್ನ ತವರಿನ ಪಾತ್ರೆಯ ಭಾರ ಎಷ್ಟೆಂದು ನನಗೆ ತಿಳಿದದ್ದು ಆಗಲೇ. ಇವರು ಬಂದು ಖಾಲಿ ಮೆಟ್ಟಿಲು ನೋಡಿ, "ಕುಂಡ ಎಲ್ಲಮ್ಮಾ?" ಅಂದರೆ, "ಇಬ್ಬನಿ ಬೀಳುತ್ತೆ ಕಣೋ, ಹಿಂದೆ ಇಟ್ಟಿದೀನಿ," ಅನ್ನುವುದು. ಗಿಡಕ್ಕೆ ಇಬ್ಬನಿ ಬೀಳಬಾರದೆಂಬ ಮಾತು ಕೇಳಿ ನನಗೇ ನಗು ಬರುತ್ತಿತ್ತು. ಇವರು ನಂಬಿದರು. ವೈರು ಬಿಟ್ಟರೆ ಬೇರೆ ಎಲ್ಲವನ್ನೂ ನಂಬುತ್ತಾರೆ, ಪಾಪ.

ನಂಬಿದ್ದೇ ಎಡವಟ್ಟಾಯಿತು. ವಾರ ಕಳೆದಿತ್ತೋ ಏನೋ, ರಜೆಯ ಸಂಜೆ ಇವರು ಹೆಗಲ ಮೇಲೆ ಏಣಿ, ಕೈಯಲ್ಲಿ ಹೊಸ ಪೆಟ್ಟಿಗೆ ಹಿಡಿದು ಓಣಿಗೆ ಬಂದರು. ಮುಖ ಅರಳಿತ್ತು.

"ಅಮ್ಮಾ, ದಿನಾ ಈ ಕತ್ತಲಲ್ಲಿ ಕುಂಡ ಇಡ್ತೀಯ, ಮತ್ತೆ ಜಾರಿದ್ರೆ? ಇಲ್ಲಿಗೂ ಒಂದು ತಂದಿದೀನಿ. ಮುಂದಿನದಕ್ಕಿಂತ ಜೋರು."

ಇವರು ಆಗಲೇ ಏಣಿಯ ಅರ್ಧದಲ್ಲಿದ್ದರು. ಅತ್ತೆ ಓಡಿ ಏಣಿಯ ಕಾಲು ಹಿಡಿದರು.

"ಇಳಿಯೋ. ಬೇಡ."

"ಯಾಕಮ್ಮಾ?"

ಅತ್ತೆ ಗಿಡಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. "ಸೇವಂತಿಗೆಗೆ ಕತ್ತಲು ಬೇಕು ಕಣೋ," ಅಂದರು ಕೊನೆಗೆ. "ಕತ್ತಲು ಸಿಕ್ಕಿದ್ರೇನೆ ಮೊಗ್ಗು."

ಇವರು ಏಣಿಯ ಮೇಲೆ ಹಾಗೇ ನಿಂತರು. ಖಾಲಿ ಮೆಟ್ಟಿಲು, ಇಬ್ಬನಿ, ಓಣಿ, ಎಲ್ಲ ಒಂದಕ್ಕೊಂದು ಕೂಡಿಕೊಳ್ಳುವುದು ಅವರ ಮುಖದ ಮೇಲೇ ಕಂಡಿತು. ಇಳಿದು ಬಂದು ಪೆಟ್ಟಿಗೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟರು. ಏಣಿಯನ್ನು ಎತ್ತಿಕೊಂಡು ಮುಂಬಾಗಿಲಿಗೆ ಹೊರಟರು. ಅತ್ತೆ ಅವರಿಗಿಂತ ಮೊದಲು ಹೋಗಿ ದೀಪದ ಕೆಳಗೆ ನಿಂತುಬಿಟ್ಟರು.

"ಅದನ್ನ ಮುಟ್ಟಿದ್ಯೋ, ಕುಂಡ ಎಲ್ಲ ಬೀದಿಗೆ ಎಸೀತೀನಿ."

"ದೊಡ್ಡಮ್ಮ ಬರ್ತಿದಾರೆ. ನಿಂಗೆ ಹೂ ಬೇಕಲ್ಲ?"

"ನಂಗೆ ಎರಡೂ ಬೇಕು."

ತಾಯಿ ಮಗ ಇಬ್ಬರದೂ ಒಂದೇ ಹಟ, ಒಂದೇ ಗದ್ದ. ಅಂದು ರಾತ್ರಿ ಊಟಕ್ಕೆ ಕೂತಾಗ ಬಡಿಸುವ ಸೌಟಿನ ಸದ್ದೊಂದೇ ಇತ್ತು. ನನಗೆ ರೇಗಿಹೋಯಿತು, ಇಬ್ಬರ ಮೇಲೂ. ಆದರೆ ಇವರು ಅರ್ಧ ಊಟಕ್ಕೆ ಏಳಲಿಲ್ಲ. ಹಿಂದಿನ ಮನುಷ್ಯನಾಗಿದ್ದರೆ ಎದ್ದು ಹೋಗುತ್ತಿದ್ದರು, ದೀಪವನ್ನು ಕಿತ್ತು, ವೈರಿಂಗ್ ಕೆಲಸವನ್ನೂ ಬಿಟ್ಟು, ಮತ್ತೆ ಚಪ್ಪಲಿ ಅಂಗಡಿಗೆ. ಅಂದು ತಟ್ಟೆಯ ಅಂಚಿನ ಮೇಲೆ ಬೆರಳಿನಿಂದ ಏನೋ ಗೆರೆ ಎಳೆಯುತ್ತಾ ಕೂತಿದ್ದರು.

ಮಾರನೆಯ ಸಂಜೆ ಬರುವಾಗ ಕಂಕುಳಲ್ಲಿ ಎಣ್ಣೆಯ ತಗಡಿನ ಡಬ್ಬಗಳಿದ್ದವು. ಬಾಗಿಲ ಮೇಲಿನ ದೊಡ್ಡ ದೀಪ ಇಳಿಯಿತು. ಅದರ ಬದಲು ಕಟ್ಟೆಯ ಒಳಮೈಗೆ, ಪಾದದ ಎತ್ತರದಲ್ಲಿ, ಅಲ್ಲಲ್ಲಿ ಪುಟ್ಟ ಪುಟ್ಟ ದೀಪಗಳು ಬಂದವು. ಒಂದೊಂದಕ್ಕೂ ಡಬ್ಬದ ತಗಡನ್ನು ಕತ್ತರಿಸಿ ಕಣ್ಣಿನ ರೆಪ್ಪೆಯ ಹಾಗೆ ಒಂದು ಮುಚ್ಚಳ. ಬೆಳಕು ಕೆಳಗೆ ಮೆಟ್ಟಿಲಿಗೆ ಮಾತ್ರ ಬೀಳಬೇಕು. ಕುಂಡಗಳು ಮೆಟ್ಟಿಲಿನಿಂದ ಎದ್ದು ಕಟ್ಟೆಯ ಮೇಲೆ ಕೂರಬೇಕು. ಇದು ಇವರು ತಟ್ಟೆಯ ಅಂಚಿನ ಮೇಲೆ ಬರೆದ ನಕ್ಷೆ.

ಕತ್ತಲಾಯಿತು, ದೀಪಗಳು ಹತ್ತಿದವು. ಅತ್ತೆ ಮೊದಲ ಕುಂಡದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ತಮ್ಮ ಮುಖವನ್ನು ಎಲೆಗಳ ನಡುವೆ, ಎಲೆಗಳ ಎತ್ತರಕ್ಕೇ ಇಟ್ಟರು.

"ನಂಗೆ ದೀಪ ಕಂಡ್ರೆ ಗಿಡಕ್ಕೂ ಕಾಣುತ್ತೆ," ಅಂದರು.

"ಈಗ ಕಾಣುತ್ತಾ?"

"ಕಾಣುತ್ತೆ."

ಇವರು ಇಕ್ಕಳದಿಂದ ತಗಡನ್ನು ಒಂದಿಷ್ಟು ಬಾಗಿಸಿದರು. "ಈಗ?"

"ಚೂರು. ಎಡಕ್ಕೆ."

"ಈಗ?"

"ಇಲ್ಲ. ಇದು ಮಲಗ್ತು. ಮುಂದಿನದು."

ಹೀಗೆ ಒಂದೊಂದು ಕುಂಡದ ಪಕ್ಕವೂ ಅತ್ತೆ ಗಿಡವಾಗಿ ಕೂತರು, ಮಗ ಒಂದೊಂದು ರೆಪ್ಪೆಯನ್ನೂ ಇಳಿಸಿದರು. ಗುಲಾಬಿ ಮುಳ್ಳು ಕೆನ್ನೆಗೆ ಗೀರಿದರೂ ಅತ್ತೆ ಮುಖ ತೆಗೆಯಲಿಲ್ಲ. ಗುಲಾಬಿಗೆ ದೀಪದ ತಂಟೆ ಇಲ್ಲ, ಅದನ್ನು ಯಾಕೆ ನೋಡುತ್ತೀರಿ ಅಂತ ನಾನು ಕೇಳಿದ್ದಕ್ಕೆ, "ಇರಲಿ, ಅದೂ ಮಲಗಲಿ," ಅಂದರು. ಮೇಷ್ಟ್ರು ಗೋಡೆಯಾಚೆಯಿಂದ ನೋಡಿ, ತಾಯಿ ಮಗನಿಗೆ ಒಟ್ಟಿಗೆ ಏನಾಯಿತೆಂದು ನನ್ನನ್ನು ಸನ್ನೆಯಲ್ಲಿ ಕೇಳಿದರು. ನಾನು ಮೇಲಿನ ಮೆಟ್ಟಿಲಲ್ಲಿ ಟಾರ್ಚು ಹಿಡಿದು ಕೂತಿದ್ದೆ, ಅದನ್ನು ಹತ್ತಿಸಬಾರದೆಂದು ಇಬ್ಬರೂ ಬೈದಿದ್ದರು. ಈ ಇಬ್ಬರ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ನನಗೆ ಅಂದು ಆದಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಗಿಡಗಳು ನಿದ್ದೆ ಮಾಡಿದವು. ಬಾದಾಮಿ ಮರ ಪೂರ್ತಿ ಕೆಂಪಾಗುವ ಹೊತ್ತಿಗೆ ಸೇವಂತಿಗೆಯ ತುದಿಗಳಲ್ಲಿ ಕಾಳು ಕಟ್ಟಿತು. ಸವರಿದ ಗುಲಾಬಿ ಕೆಂಪು ಚಿಗುರು ತೆಗೆದು ಹೂವನ್ನೂ ಬಿಟ್ಟಿತು. ಆದರೆ ಕಳೆದುಕೊಂಡ ದಿನಗಳನ್ನು ಯಾರು ತಂದುಕೊಡುತ್ತಾರೆ? ದೊಡ್ಡಮ್ಮ ಬಂದ ದಿನ ಕಟ್ಟೆಯುದ್ದಕ್ಕೂ ಮೊಗ್ಗೋ ಮೊಗ್ಗು, ಅರಳಿದ್ದು ಒಂದೂ ಇಲ್ಲ. ಕೆಲವು ಮೊಗ್ಗುಗಳ ತುಟಿಯಲ್ಲಿ ಇಟ್ಟಿಗೆ ಬಣ್ಣದ ಒಂದು ಗೆರೆ, ಅಷ್ಟೇ.

ದೊಡ್ಡಮ್ಮ ಗೇಟಿನಲ್ಲಿ ನಿಂತರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಹೂವೇ ಇಲ್ವಲ್ಲೇ."

ಇವರು ದೊಡ್ಡಮ್ಮನ ಚೀಲ ಎತ್ತಿಕೊಳ್ಳಲು ಬಂದವರು ಬಾಗಿದ ತಲೆ ಎತ್ತಲಿಲ್ಲ. ತಮ್ಮ ದೀಪದಿಂದಲೇ ಆದದ್ದೆಂದು ಅವರಿಗೆ ಗೊತ್ತು. ಅತ್ತೆ ಒಂದು ಮಾತಿನಲ್ಲಿ ಅದನ್ನು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಇಷ್ಟು ವರ್ಷ ಕಾದ ದಿನ, ಅಕ್ಕ ಎದುರಿಗಿದ್ದಾರೆ.

"ಸಮಯಕ್ಕೆ ಬಂದೆ ಅಕ್ಕ," ಅಂದರು ಅತ್ತೆ. "ಕೂತ್ಕೋ. ಇನ್ನೇನು ಕತ್ತಲಾಗುತ್ತೆ."

ದೊಡ್ಡಮ್ಮನನ್ನು ಮೆಟ್ಟಿಲ ಮೇಲೆಯೇ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ನಾನು ಚಹಾ ತಂದೆ. ಬೀದಿ ಮಸುಕಾಯಿತು. ಒಂದೊಂದಾಗಿ ರೆಪ್ಪೆಗಳ ಕೆಳಗೆ ಬೆಳಕು ಮೂಡಿ, ಮೆಟ್ಟಿಲುಗಳು ಗೇಟಿನ ತನಕ ತೊಳೆದಿಟ್ಟ ಹಾಗೆ ಕಂಡವು. ಮೇಲೆ ಕಟ್ಟೆಯಲ್ಲಿ ಗಿಡಗಳೆಲ್ಲ ಕತ್ತಲಲ್ಲಿದ್ದವು.

"ಈಗ ಬಗ್ಗಿ ಗಿಡದ ಹತ್ರ ಮುಖ ಇಟ್ಟು ನೋಡು," ಅಂದರು ಅತ್ತೆ. "ದೀಪ ಕಾಣುತ್ತಾ?"

ದೊಡ್ಡಮ್ಮ ಗೊಣಗುತ್ತಲೇ ಬಗ್ಗಿದರು. ಎಲೆಗಳ ನಡುವಿನಿಂದ ಅವರ ದನಿ ಬಂತು. "ಇಲ್ವಲ್ಲೇ. ಎಲ್ಲೋಯ್ತು?"

"ಕಾಲಿಗೆ ಬೆಳಕು, ಗಿಡಕ್ಕೆ ಕತ್ತಲು. ನನ್ನ ಮಗ ಮಾಡಿದ್ದು. ಇಡೀ ಊರು ಹುಡುಕು, ಇಂಥದ್ದು ಸಿಗಲ್ಲ."

ದೊಡ್ಡಮ್ಮ ಸ್ವಲ್ಪ ಹೊತ್ತು ಎಲೆಗಳಿಂದ ಮುಖ ತೆಗೆಯಲಿಲ್ಲ. ಅಮ್ಮನ ಅಂಗಳದ ಆ ಕಹಿ ವಾಸನೆ ಅವರಿಗೆ ಸಿಕ್ಕಿರಬೇಕು. ನೆಟ್ಟಗೆ ಕೂತಾಗ ಕಣ್ಣು ಒರೆಸಿಕೊಂಡರು, ಆದರೂ ಸೋಲು ಒಪ್ಪುವ ಜಾತಿಯಲ್ಲ.

"ಹೂ ನೋಡಕ್ಕೆ ಬಂದ್ರೆ ದೀಪ ತೋರಿಸ್ತೀಯಲ್ಲೇ."

"ಹೂವು ಯಾರ ಮನೇಲಾದ್ರೂ ಬಿಡುತ್ತೆ ಅಕ್ಕ," ಅಂದರು ಅತ್ತೆ. "ಅರಳೋ ತನಕ ಇರು. ಹೂ ಮುಗಿದ ಮೇಲೆ ಮರಿ ತಗೊಂಡು ಹೋಗು. ಒಣಗಿಸಿಬಿಟ್ರೆ ಹೇಳ್ಕಳಿಸು, ಇನ್ನೊಂದು ಕೊಡ್ತೀನಿ."

ದೊಡ್ಡಮ್ಮ ತಂಗಿಯ ಮುಖ ನೋಡಿದರು. ಆಮೇಲೆ ಮೊದಲು ಅವರೇ ನಕ್ಕರು. ಇವರು ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಹೋಗಿ ಚೀಲ ಇಟ್ಟು, ಮುಖ ತೊಳೆದುಕೊಂಡು ಹೊರಗೆ ಬಂದರು. ಇಕ್ಕಳ ತೆಗೆದುಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದು, ಏನೂ ಆಗದಿದ್ದ ಒಂದು ರೆಪ್ಪೆಯನ್ನು ಬಹಳ ಹೊತ್ತು ಸರಿ ಮಾಡುತ್ತಾ ಕೂತರು.